ಪ್ಲಸ್ ಬಂದ ಉತ್ತರ: ಆಡಿಟ್ ಕಮಿಟಿ ಕುರಿತ ಒಂದು ಸಂಶೋಧನೆಯ ಪ್ರಕರಣ ಅಧ್ಯಯನ

ಇದು ಒಂದು ಪಿಎಚ್‌ಡಿ ಥೀಸಿಸ್ಸಿನ ಎರಡನೇ ಅಧ್ಯಾಯದ ಕಥೆ. ವಿದ್ಯಾರ್ಥಿನಿ, ಅವರ ಗೈಡ್, ಸಹ-ಗೈಡ್ ಆಗಿದ್ದ ನಾನು, ಈ ಮೂರು ಜನ ಇದರಲ್ಲಿದ್ದೇವೆ. ವಿದ್ಯಾರ್ಥಿನಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಯಾವ ದೇಶದ ಕಂಪನಿಗಳು, ಯಾವ ವರ್ಷಗಳು ಅನ್ನುವುದನ್ನೂ ಬಿಟ್ಟಿದ್ದೇನೆ. ಕಂಪನಿಯ ಅಂಕಿ ಬಂದ ಕಡೆ ಅಂಕಿ ಬದಲಿಸಿದ್ದೇನೆ, ಆದರೆ ಲೆಕ್ಕದ ರೀತಿ ಇದ್ದ ಹಾಗೇ ಇದೆ. ಕಾರ್ಪೊರೇಟ್ ಆಡಳಿತ, ಹಣಕಾಸು ವರದಿ ಅಂತ ಸಂಶೋಧನೆಗೆ ಇಳಿಯುವವರಿಗೆ ಇದು ಉಪಯೋಗವಾದೀತು. ನಮ್ಮ ತಪ್ಪು ಅಪರೂಪದ ತಪ್ಪಲ್ಲ ಅನ್ನುವುದು ನನಗೆ ಈಗ ಖಾತ್ರಿಯಾಗಿದೆ.

ಹಿನ್ನೆಲೆ

ವಿದ್ಯಾರ್ಥಿನಿ ಸಂಶೋಧನೆಗೆ ಬರುವ ಮುಂಚೆ ಕೆಲವು ವರ್ಷ ಆಡಿಟ್ ಸಂಸ್ಥೆಯೊಂದರಲ್ಲಿ ದುಡಿದವರು. ವರ್ಷದ ಕೊನೆಯ ವಾರ ಬಂತೆಂದರೆ ಮಾರಾಟದ ಬಿಲ್ಲುಗಳು ಹೇಗೆ ಏರುತ್ತವೆ, ಮಾರಾಟವಾಗದೆ ಕೂತ ಸರಕಿಗೆ ಹೇಗೆ ಬೆಲೆ ಕಟ್ಟುತ್ತಾರೆ, ಬಾರದ ಬಾಕಿಯನ್ನು ಬಂದೇ ಬರುತ್ತದೆ ಅಂತ ಹೇಗೆ ವಾದಿಸುತ್ತಾರೆ, ಇದನ್ನೆಲ್ಲ ಕಣ್ಣಾರೆ ಕಂಡಿದ್ದರು. ಅವರ ಪ್ರಶ್ನೆ ಹುಟ್ಟಿದ್ದೂ ಅಲ್ಲಿಂದಲೇ. ಕಂಪನಿಯ ಆಡಿಟ್ ಕಮಿಟಿಯಲ್ಲಿ (ಲೆಕ್ಕಪತ್ರ ಮತ್ತು ಆಡಿಟ್ ಮೇಲೆ ಕಣ್ಣಿಡುವ ನಿರ್ದೇಶಕರ ಸಮಿತಿಯಲ್ಲಿ) ಹೊರಗಿನವರು, ಅಂದರೆ ಸ್ವತಂತ್ರ ನಿರ್ದೇಶಕರು, ಜಾಸ್ತಿ ಇದ್ದರೆ ಲೆಕ್ಕಪತ್ರ ನಿಜಕ್ಕೆ ಹತ್ತಿರವಾಗುತ್ತದೆಯೇ?

ಪ್ರಶ್ನೆ ಹೊಸದಲ್ಲ. ದುಡ್ಡು ಹಾಕಿದವರು ಒಬ್ಬರು, ನಡೆಸುವವರು ಇನ್ನೊಬ್ಬರು ಆದಾಗ ಏನಾಗುತ್ತದೆ ಅನ್ನುವುದನ್ನು ಜೆನ್ಸನ್ ಮತ್ತು ಮೆಕ್ಲಿಂಗ್ 1976ರಲ್ಲೇ ಸಿದ್ಧಾಂತವಾಗಿ ಬರೆದರು. ಬ್ರಿಟನ್ನಿನ ಕ್ಯಾಡ್ಬರಿ ಸಮಿತಿ 1992ರ ವರದಿಯಲ್ಲಿ, ಆಡಿಟ್ ಕಮಿಟಿಯಲ್ಲಿ ಕಡಿಮೆ ಅಂದರೆ ಮೂವರು ಕಾರ್ಯನಿರ್ವಾಹಕರಲ್ಲದ ನಿರ್ದೇಶಕರಿರಬೇಕು, ಅವರಲ್ಲಿ ಹೆಚ್ಚಿನವರು ಸ್ವತಂತ್ರರಾಗಿರಬೇಕು ಅಂತ ಹೇಳಿತು. 2001ರ ಡಿಸೆಂಬರ್‌ನಲ್ಲಿ ಲೆಕ್ಕದಲ್ಲಿ ಮೋಸ ಮಾಡಿದ್ದ ಅಮೆರಿಕದ ಎನ್ರಾನ್ ಕಂಪನಿ ದಿವಾಳಿಯಾಯಿತು. ಮರುವರ್ಷ ಬಂದ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆಯಿಂದಾಗಿ, ಅಮೆರಿಕದ ಶೇರು ಪೇಟೆಯಲ್ಲಿ ಲಿಸ್ಟ್ ಆದ ಕಂಪನಿಗಳ ಆಡಿಟ್ ಕಮಿಟಿಯ ಎಲ್ಲ ಸದಸ್ಯರೂ ಸ್ವತಂತ್ರರಾಗಿರಬೇಕು ಎಂಬ ನಿಯಮ ಬಂತು.

ಇಲ್ಲೊಂದು ಮಾತು. ಎನ್ರಾನ್‌ನ ಆಡಿಟ್ ಕಮಿಟಿಯ ಅಧ್ಯಕ್ಷರು ಲೆಕ್ಕಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಹೆಸರಾಂತ ಬಿಸಿನೆಸ್ ಸ್ಕೂಲೊಂದರ ಡೀನ್ ಆಗಿದ್ದವರು. ಕಾಗದದ ಮೇಲೆ ಅಷ್ಟು ಒಳ್ಳೆಯ ಕಮಿಟಿ ಸಿಗುವುದೇ ಕಷ್ಟ. ಹಾಗಾಗಿ "ಸ್ವತಂತ್ರರಿದ್ದರೆ ಸಾಕಾ?" ಅನ್ನುವ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಅಮೆರಿಕದ ದೊಡ್ಡ ಕಂಪನಿಗಳ ಮೇಲೆ ಏಪ್ರಿಲ್ ಕ್ಲೈನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಮಿಟಿ ಸ್ವತಂತ್ರವಾಗಿದ್ದಷ್ಟೂ ಲಾಭ ತಿದ್ದುವ ಸುಳಿವು ಕಡಿಮೆ ಅಂತ ಬಂದಿತ್ತು. ಅದೇ ನಂಟು ಬೇರೆ ದೇಶದಲ್ಲೂ, ಬೇರೆ ಕಾಲದಲ್ಲೂ ಕಾಣುತ್ತದೆಯೇ ಅಂತ ನೋಡುವುದು ನಮ್ಮ ಯೋಜನೆ.

ಅಳೆಯುವುದು ಹೇಗೆ?

ಲಾಭ ತಿದ್ದಿದ್ದಾರೆ ಅಂತ ಯಾವ ಕಂಪನಿಯೂ ಬರೆದು ಕೊಡುವುದಿಲ್ಲ. ಅದಕ್ಕೆ ಸಂಶೋಧಕರು ಸುತ್ತುದಾರಿ ಹಿಡಿಯುತ್ತಾರೆ. ಲಾಭ ಬೇರೆ, ಕೈಗೆ ಬಂದ ನಗದು ಬೇರೆ. ವರ್ಷದ ಕೊನೆಯ ದಿನ 10 ರಷ್ಟು ಸರಕನ್ನು ಉದ್ರಿ ಮಾರಿದರೆ ಮಾರಾಟದ ಲೆಕ್ಕಕ್ಕೆ 10 ಸೇರುತ್ತದೆ, ಪೆಟ್ಟಿಗೆಗೆ ಒಂದು ಕಾಸೂ ಬಂದಿರುವುದಿಲ್ಲ. ಈ ನಡುವಿನ ಅಂತರಕ್ಕೆ ಅಕ್ರೂಯಲ್ ಅನ್ನುತ್ತೇವೆ. ಅಕ್ರೂಯಲ್ ಇರುವುದು ತಪ್ಪಲ್ಲ. ವ್ಯಾಪಾರ ಬೆಳೆದರೆ ಬಾಕಿಯೂ ಬೆಳೆಯುತ್ತದೆ, ಯಂತ್ರ ಇದ್ದರೆ ಸವಕಳಿ ಇರಲೇಬೇಕು. ಆದರೆ ಇಷ್ಟಿರಬೇಕು ಅನ್ನುವುದಕ್ಕಿಂತ ಜಾಸ್ತಿ ಇದ್ದರೆ ಅನುಮಾನಕ್ಕೆ ಜಾಗ.

"ಇಷ್ಟಿರಬೇಕು" ಅನ್ನುವುದನ್ನು ಲೆಕ್ಕ ಹಾಕುವ ದಾರಿಯನ್ನು ಜೆನಿಫರ್ ಜೋನ್ಸ್ 1991ರಲ್ಲಿ ತೋರಿಸಿದರು. ಆಮದಿನಿಂದ ರಕ್ಷಣೆ ಬೇಡಿ ಸರ್ಕಾರದ ತನಿಖೆ ಎದುರಿಸುತ್ತಿದ್ದ ಅಮೆರಿಕದ ಕಂಪನಿಗಳು ಆ ಸಮಯದಲ್ಲಿ ಲಾಭವನ್ನು ಕಮ್ಮಿ ತೋರಿಸುತ್ತವೆಯೇ ಅನ್ನುವುದು ಅವರ ಪ್ರಶ್ನೆ. ಮಾರಾಟದ ಏರಿಳಿತ ಮತ್ತು ಸ್ಥಿರ ಆಸ್ತಿ, ಇವೆರಡರಿಂದ ಎಷ್ಟು ಅಕ್ರೂಯಲ್ ವಿವರಿಸಬಹುದೋ ಅಷ್ಟನ್ನು ಕಳೆದು, ಉಳಿದದ್ದನ್ನು ಮ್ಯಾನೇಜರ್‌ಗಳ ಕೈವಾಡ ಇರಬಹುದಾದ ಭಾಗ ಅಂತ ಅವರು ತೆಗೆದುಕೊಂಡರು. 1995ರಲ್ಲಿ ಡೆಚೋ, ಸ್ಲೋನ್ ಮತ್ತು ಸ್ವೀನಿ ಇದಕ್ಕೆ ತಿದ್ದುಪಡಿ ಮಾಡಿದರು. ಉದ್ರಿ ಮಾರಾಟವೇ ಕೈವಾಡದ ಜಾಗ ಆಗಿರಬಹುದು, ಆದ್ದರಿಂದ ಮಾರಾಟದ ಏರಿಕೆಯಲ್ಲಿ ಬಾಕಿಯ ಏರಿಕೆಯನ್ನು ಕಳೆಯಿರಿ ಅಂದರು. ಇದೇ ಮಾಡಿಫೈಡ್ ಜೋನ್ಸ್ ಮಾಡೆಲ್. ನಾವು ಹಿಡಿದದ್ದು ಅದನ್ನೇ.

ಇಲ್ಲಿ ನಮ್ಮ ಮೊದಲ ನಿರ್ಧಾರ ಇದೆ. ಆಗ ಅದು ನಿರ್ಧಾರ ಅಂತಲೇ ಅನ್ನಿಸಿರಲಿಲ್ಲ. ಒಟ್ಟು ಅಕ್ರೂಯಲ್ ಎಷ್ಟು ಅಂತ ಕಂಡುಹಿಡಿಯಲು ಎರಡು ದಾರಿ ಇವೆ. ಒಂದು, ಸತತ ಎರಡು ವರ್ಷಗಳ ಬ್ಯಾಲೆನ್ಸ್ ಶೀಟ್ ಪಕ್ಕಪಕ್ಕ ಇಟ್ಟುಕೊಂಡು ಬಾಕಿ, ಸರಕು, ಕೊಡಬೇಕಾದದ್ದು ಎಷ್ಟೆಷ್ಟು ಬದಲಾಗಿವೆ ಅಂತ ಕಳೆದು ನೋಡಿ, ಸವಕಳಿಯನ್ನೂ ಕಳೆಯುವುದು. ಇನ್ನೊಂದು, ಲಾಭದಿಂದ ನೇರವಾಗಿ ದೈನಂದಿನ ವ್ಯವಹಾರದ ನಗದನ್ನು ಕಳೆಯುವುದು. ಎರಡನೆಯದಕ್ಕೆ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್, ಅಂದರೆ ನಗದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವ ಪಟ್ಟಿ, ಬೇಕು. ನಮ್ಮ ಡೇಟಾಬೇಸಿನಲ್ಲಿ ಹಳೆಯ ವರ್ಷಗಳಿಗೆ ಅದು ಅಲ್ಲಲ್ಲಿ ಖಾಲಿ ಇತ್ತು. ಬ್ಯಾಲೆನ್ಸ್ ಶೀಟ್ ಎಲ್ಲರದ್ದೂ ಇತ್ತು. ಸ್ಯಾಂಪಲ್ ದೊಡ್ಡದಿರಲಿ ಅಂತ ಮೊದಲನೇ ದಾರಿ ಹಿಡಿದೆವು. ಹತ್ತು ನಿಮಿಷದ ಮಾತುಕತೆ. ನಾನೂ ಹೂಂ ಅಂದೆ.

ಸಮಸ್ಯೆ

ಕಮಿಟಿಯ ಸ್ವತಂತ್ರತೆಗೂ ಅಸಹಜ ಅಕ್ರೂಯಲ್‌ಗೂ, ಅಂದರೆ ಮಾಡೆಲ್ ವಿವರಿಸದೆ ಉಳಿದ ಭಾಗಕ್ಕೂ, ಇರುವ ನಂಟನ್ನು ರಿಗ್ರೆಶನ್ ಎಂಬ ಅಂಕಿಅಂಶದ ಲೆಕ್ಕದಲ್ಲಿ ನೋಡಿದೆವು. ಉತ್ತರ ಬಂತು. ಮೈನಸ್ ಬರಬೇಕಿದ್ದ ಕಡೆ ಪ್ಲಸ್ ಬಂತು. ಕಮಿಟಿಯಲ್ಲಿ ಸ್ವತಂತ್ರರು ಜಾಸ್ತಿ ಇದ್ದ ಕಂಪನಿಗಳಲ್ಲೇ ಅಸಹಜ ಅಕ್ರೂಯಲ್ ಜಾಸ್ತಿ! ನಂಟಿನ ಅಳತೆಯಾದ ಗುಣಾಂಕದ ಪಕ್ಕ ಮೂರು ಸ್ಟಾರ್, ಅಂದರೆ ಇದು ಬರೀ ಆಕಸ್ಮಿಕವಾಗಿ ಬಂದದ್ದಲ್ಲ ಅನ್ನುವ ಗುರುತು.

ಆ ವಾರ ನಮ್ಮ ವಿಭಾಗದಲ್ಲಿ ಹಬ್ಬದ ಕಳೆ ಇತ್ತು ಅಂತಲೇ ಹೇಳಬೇಕು. ಎಲ್ಲರೂ ಹೇಳಿದ್ದನ್ನೇ ಹೇಳುವ ಥೀಸಿಸ್ ಆಗುವುದಿಲ್ಲ, ಹೊಸದು ಸಿಕ್ಕಿತು ಅಂತ ಗೈಡ್ ಖುಷಿಪಟ್ಟರು. ವಿವರಣೆಯೂ ತಾನಾಗಿ ಬಂದು ಕೂತಿತು. ಹೊರಗಿನ ನಿರ್ದೇಶಕರಿಗೆ ಒಳಗಿನ ವ್ಯಾಪಾರ ಗೊತ್ತಿರುವುದಿಲ್ಲ, ವರ್ಷಕ್ಕೆ ನಾಲ್ಕಾರು ಸಲ ಬಂದು ಹೋಗುತ್ತಾರೆ, ಅವರ ಕಣ್ಣಿಗೆ ಮಣ್ಣೆರಚುವುದು ಮ್ಯಾನೇಜರ್‌ಗಳಿಗೆ ಸುಲಭ. ಎನ್ರಾನ್ ಉದಾಹರಣೆ ಕೈಗೆ ಸಿಕ್ಕೇ ಇತ್ತು. ವಿದ್ಯಾರ್ಥಿನಿ ಎರಡು ತಿಂಗಳಲ್ಲಿ ಇಡೀ ಅಧ್ಯಾಯ ಬರೆದರು. ಚೆನ್ನಾಗಿಯೂ ಬರೆದಿದ್ದರು. ನಾನು ಕರಡು ಓದಿ ಅಲ್ಪಸ್ವಲ್ಪ ಭಾಷೆ ತಿದ್ದಿ ಸಹಿ ಹಾಕಿದೆ.

ಈಗ ಹಿಂದಿರುಗಿ ನೋಡಿದರೆ ನನ್ನನ್ನು ಕಾಡುವುದು ಒಂದೇ ವಿಷಯ. ಮೈನಸ್ ಬಂದಿದ್ದರೆ ನಾವು ಏನನ್ನೂ ಪರೀಕ್ಷಿಸುತ್ತಿರಲಿಲ್ಲ, ನಿರೀಕ್ಷಿಸಿದ್ದೇ ಬಂತು ಅಂತ ಮುಂದೆ ಹೋಗುತ್ತಿದ್ದೆವು. ಪ್ಲಸ್ ಬಂದಾಗಲೂ ಪರೀಕ್ಷಿಸಲಿಲ್ಲ, ಯಾಕೆಂದರೆ ಅದು ಹೊಸದಾಗಿತ್ತು. ಹಾಗಾದರೆ ಯಾವ ಉತ್ತರ ಬಂದಿದ್ದರೆ ನಾವು ನಿಂತು ನೋಡುತ್ತಿದ್ದೆವು?

ಸೆಮಿನಾರ್‌ನ ದಿನ

ವಿಭಾಗದ ಸೆಮಿನಾರ್‌ಗೆ ನಿವೃತ್ತ ಆಡಿಟರ್ ಒಬ್ಬರನ್ನು ಕರೆದಿದ್ದೆವು. ಎಪ್ಪತ್ತು ದಾಟಿದವರು. ಅರ್ಧ ಗಂಟೆ ಸುಮ್ನೆ ಕೂತು ಕೇಳಿದರು. ರಿಗ್ರೆಶನ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೊನೆಗೆ ಕೇಳಿದರು:

"ಅಲ್ಲಮ್ಮಾ, ಎಲ್ಲಕ್ಕಿಂತ ಜಾಸ್ತಿ ಲೆಕ್ಕ ತಿದ್ದಿದ್ದಾರೆ ಅಂತ ನಿಮ್ಮ ಮಾಡೆಲ್ ಹೇಳುತ್ತದಲ್ಲ, ಆ ಮೊದಲ ಹತ್ತು ಕಂಪನಿ ಯಾವುವು?"

ವಿದ್ಯಾರ್ಥಿನಿ ಗೈಡ್ ಕಡೆ ನೋಡಿದರು. ಗೈಡ್ ನನ್ನ ಕಡೆ ನೋಡಿದರು.

"ನೋಡಿಲ್ಲ ಸರ್. ಸಾವಿರಾರು ಸಾಲುಗಳಿವೆ, ಒಂದೊಂದೇ ನೋಡೋಕೆ..."

"ಸಾವಿರ ಬೇಡಮ್ಮಾ. ಹತ್ತು."

ಅಷ್ಟೇ. ಅವರು ಮತ್ತೇನೂ ಕೇಳಲಿಲ್ಲ. ಈ ಪ್ರಕರಣದ ಮೊದಲ ತಿರುವು ಇದು. ಅಂದು ಸಂಜೆಯೇ ವಿದ್ಯಾರ್ಥಿನಿ ಅಸಹಜ ಅಕ್ರೂಯಲ್ ದೊಡ್ಡದಿಂದ ಚಿಕ್ಕದಕ್ಕೆ ಇಳಿಯುವ ಹಾಗೆ ಡೇಟಾ ಜೋಡಿಸಿ, ಮೇಲಿನ ಇಪ್ಪತ್ತು ಸಾಲು ತೆಗೆದರು. ಆ ಇಪ್ಪತ್ತು ಕಂಪನಿಗಳ ವಾರ್ಷಿಕ ವರದಿ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು ಕೂತರು.

ಮೊದಲ ವರದಿಯಲ್ಲಿ ಕಂಡದ್ದು

ಮೊದಲ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಗಿರಾಕಿಗಳಿಂದ ಬರಬೇಕಾದ ಬಾಕಿ ಹಿಂದಿನ ವರ್ಷ 100 ಇತ್ತು, ಈ ವರ್ಷ 170. ಏರಿಕೆ 70. ಸರಕು 80 ಇದ್ದದ್ದು 125. ಏರಿಕೆ 45. ಎರಡೂ ಸೇರಿ 115. ಮಾರಾಟ ಅಷ್ಟಾಗಿ ಏರಿರಲಿಲ್ಲ. ಮಾಡೆಲ್ ಕಣ್ಣಿಗೆ ಇದು ದೊಡ್ಡ ಕೈವಾಡ.

ಕೆಲವು ಪುಟ ಮುಂದೆ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಇತ್ತು. ಅಲ್ಲಿ "ಬಾಕಿಯಲ್ಲಿ ಏರಿಕೆ" ಎಂಬ ಸಾಲಿನ ಎದುರು 12. "ಸರಕಿನಲ್ಲಿ ಏರಿಕೆ" ಎದುರು 5. ಒಂದೇ ಕಂಪನಿ, ಒಂದೇ ವರ್ಷ, ಒಂದೇ ವರದಿ. ಒಂದು ಕಡೆ 70, ಇನ್ನೊಂದು ಕಡೆ 12. ಉಳಿದ 58 ಎಲ್ಲಿ ಹೋಯಿತು?

ವಿದ್ಯಾರ್ಥಿನಿ ಟಿಪ್ಪಣಿಗಳನ್ನು ಒಂದೊಂದಾಗಿ ಓದುತ್ತಾ ಹೋದರು. ವರದಿಯ ಕೊನೆಯ ಭಾಗದಲ್ಲಿ, ಸಣ್ಣ ಅಕ್ಷರದಲ್ಲಿ, ಉತ್ತರ ಸಿಕ್ಕಿತು. ಆ ವರ್ಷದ ಕೊನೆಗೆ ಕಂಪನಿ ಇನ್ನೊಂದು ಕಂಪನಿಯನ್ನು ಕೊಂಡಿತ್ತು. ಕೊಂಡ ಕಂಪನಿಯ ಜೊತೆ ಬಂದ ಆಸ್ತಿಗಳ ಪಟ್ಟಿ ಅಲ್ಲಿತ್ತು: ಬಾಕಿ 58, ಸರಕು 40. ನೂರಕ್ಕೆ ಹನ್ನೆರಡು, ಐವತ್ತೆಂಟು ಸೇರಿಸಿದರೆ 170. ಎಂಬತ್ತಕ್ಕೆ ಐದು, ನಲವತ್ತು ಸೇರಿಸಿದರೆ 125. ಪೈಸೆ ಪೈಸೆ ಹೊಂದಿತು.

ಅಂದರೆ ಅಲ್ಲಿ ಯಾರೂ ಲಾಭ ತಿದ್ದಿರಲಿಲ್ಲ. ಇನ್ನೊಂದು ಕಂಪನಿಯ ಬಾಕಿ ಮತ್ತು ಸರಕು ಬಂದು ಈ ಬ್ಯಾಲೆನ್ಸ್ ಶೀಟಿನಲ್ಲಿ ಕೂತಿತ್ತು. ಆ ಬಾಕಿ ಈ ಕಂಪನಿಯ ಲಾಭದ ಲೆಕ್ಕದ ಮೂಲಕ ಹಾದು ಬಂದದ್ದೇ ಅಲ್ಲ. ನಾವು ಬ್ಯಾಲೆನ್ಸ್ ಶೀಟ್ ಕಳೆದು 115 ಅಂತ ಬರೆದುಕೊಂಡಿದ್ದೆವು. ನಿಜವಾದದ್ದು 17.

ಅವರು ನನಗೆ ಫೋನ್ ಮಾಡಿದಾಗ ರಾತ್ರಿ ಹತ್ತಾಗಿತ್ತು. "ಸರ್, ಒಂದು ಸಲ ನೀವೇ ಬಂದು ನೋಡ್ತೀರಾ?" ಅಂದರು. ಮರುದಿನ ಬೆಳಗ್ಗೆ ಆ ಪುಟಗಳನ್ನು ನಾನೂ ನೋಡಿದೆ. 58ರ ಸುತ್ತ ಪೆನ್ಸಿಲ್ಲಿನಲ್ಲಿ ಎರಡು ಸುತ್ತು ಹಾಕಿದ್ದರು.

ಇಪ್ಪತ್ತೂ ವರದಿ ಓದಲು ಮೂರು ವಾರ ಹಿಡಿಯಿತು. ಅರ್ಧಕ್ಕಿಂತ ಜಾಸ್ತಿ ಕಂಪನಿಗಳು ಆ ವರ್ಷ ಇನ್ನೊಂದನ್ನು ಕೊಂಡಿದ್ದವು ಅಥವಾ ಯಾವುದರ ಜೊತೆಗೋ ವಿಲೀನವಾಗಿದ್ದವು. ಒಂದು ಕಂಪನಿ ಲೆಕ್ಕದ ವರ್ಷವನ್ನೇ ಬದಲಿಸಿ, ಒಂದು ಸಲ ಹದಿನೈದು ತಿಂಗಳ ಲೆಕ್ಕ ಕೊಟ್ಟಿತ್ತು. ಇನ್ನೊಂದರಲ್ಲಿ ಡೇಟಾಬೇಸಿನವರು ಒಂದು ವರ್ಷ ಸಾವಿರದ ಲೆಕ್ಕದಲ್ಲೂ ಮರುವರ್ಷ ಲಕ್ಷದ ಲೆಕ್ಕದಲ್ಲೂ ಅಂಕಿ ತುಂಬಿದ್ದರು. ಮೂರು ಕಂಪನಿಗಳಿಗೆ ಯಾವ ವಿವರಣೆಯೂ ಸಿಗಲಿಲ್ಲ. ಅವುಗಳ ಎದುರು ಅವರು "ಗೊತ್ತಾಗಲಿಲ್ಲ" ಅಂತ ಬರೆದರು.

ನಾವು ವಿಪರೀತದ ಅಂಕಿಗಳನ್ನು ನೋಡದೆ ಬಿಟ್ಟಿದ್ದೆವು ಅಂತಲ್ಲ. ಎಲ್ಲರೂ ಮಾಡುವ ಹಾಗೆ 1 ಮತ್ತು 99ನೇ ಪರ್ಸೆಂಟೈಲ್‌ಗೆ ತಂದು ಕೂರಿಸಿದ್ದೆವು, ಅಂದರೆ ತೀರಾ ಮೇಲಿನ, ತೀರಾ ಕೆಳಗಿನ ಶೇಕಡಾ ಒಂದರಷ್ಟು ಅಂಕಿಗಳನ್ನು ಆ ಗಡಿಯ ಅಂಕಿಗೆ ಎಳೆದಿದ್ದೆವು. ಅದರಿಂದ ಆದದ್ದು ಇಷ್ಟೇ: ತಪ್ಪು ಅಂಕಿ ಸ್ವಲ್ಪ ಕುಗ್ಗಿತು, ಆದರೆ ತಪ್ಪಾಗಿಯೇ ಉಳಿಯಿತು, ಮತ್ತು ಪಟ್ಟಿಯಲ್ಲಿ ಎದ್ದು ಕಾಣದ ಹಾಗಾಯಿತು.

ಪ್ಲಸ್ ಬಂದದ್ದು ಯಾಕೆ?

ತಪ್ಪು ಎಲ್ಲ ಕಂಪನಿಗಳಲ್ಲೂ ಒಂದೇ ಸಮನಾಗಿ ಹರಡಿದ್ದರೆ ಉತ್ತರ ಮಸುಕಾಗುತ್ತಿತ್ತು, ದಿಕ್ಕು ತಪ್ಪುತ್ತಿರಲಿಲ್ಲ. ಆದರೆ ಇದು ಹಾಗೆ ಹರಡಿರಲಿಲ್ಲ. ಬೇರೆ ಕಂಪನಿಗಳನ್ನು ಕೊಳ್ಳುವವರು ಯಾರು? ದೊಡ್ಡವರು, ಬೆಳೆಯುತ್ತಿರುವವರು, ಹೊರಗಿನ ಹೂಡಿಕೆದಾರರ ದುಡ್ಡು ಎತ್ತಿದವರು. ಆಡಿಟ್ ಕಮಿಟಿಯಲ್ಲಿ ಸ್ವತಂತ್ರರನ್ನು ಜಾಸ್ತಿ ಇಟ್ಟುಕೊಳ್ಳುವವರು ಯಾರು? ಅವರೇ. ನಮ್ಮ ಪ್ಲಸ್ ಹೇಳುತ್ತಿದ್ದದ್ದು ಇಷ್ಟು: ಸ್ವತಂತ್ರ ಕಮಿಟಿ ಇರುವ ಕಂಪನಿಗಳು ಕಂಪನಿಗಳನ್ನು ಕೊಳ್ಳುತ್ತವೆ. ಅದಕ್ಕೆ ಪಿಎಚ್‌ಡಿ ಬೇಕಾಗಿರಲಿಲ್ಲ.

ಇದನ್ನು ಹ್ರಿಬಾರ್ ಮತ್ತು ಕಾಲಿನ್ಸ್ 2002ರಲ್ಲೇ ಬರೆದಿಟ್ಟಿದ್ದಾರೆ. ಬ್ಯಾಲೆನ್ಸ್ ಶೀಟ್ ಕಳೆದು ಅಕ್ರೂಯಲ್ ತೆಗೆದರೆ ವಿಲೀನ, ಖರೀದಿ, ವಿಭಾಗ ಮಾರಾಟ ಇವೆಲ್ಲ ಸೇರಿಕೊಂಡು ಇಲ್ಲದ ಕೈವಾಡ ಕಾಣಿಸುತ್ತದೆ ಅಂತ ಸ್ಪಷ್ಟವಾಗಿ ತೋರಿಸಿದ್ದಾರೆ. ಆ ಲೇಖನ ನಮ್ಮ ಓದಿನ ಪಟ್ಟಿಯಲ್ಲಿತ್ತು. ಅಷ್ಟೇ ಅಲ್ಲ, ಥೀಸಿಸ್ಸಿನ ಮೊದಲ ಅಧ್ಯಾಯದಲ್ಲಿ ಅದನ್ನು ಒಂದು ವಾಕ್ಯದಲ್ಲಿ ಉಲ್ಲೇಖಿಸಿಯೂ ಇದ್ದೆವು. ಓದಿದ್ದೆವು, ಬರೆದಿದ್ದೆವು, ನಮ್ಮದೇ ಡೇಟಾಗೆ ಅನ್ವಯಿಸಿ ನೋಡಿರಲಿಲ್ಲ. ಈ ಮಾತನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ.

ಜೋನ್ಸ್ ಕಾಲದವರು ಬ್ಯಾಲೆನ್ಸ್ ಶೀಟ್ ದಾರಿ ಹಿಡಿಯಲು ಕಾರಣ ಇತ್ತು. ಈಗಿನ ರೂಪದ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಅಮೆರಿಕದಲ್ಲಿ ಕಡ್ಡಾಯವಾದದ್ದೇ 1987ರಲ್ಲಿ ಬಂದ ಮಾನದಂಡದಿಂದ. ಅಂತಾರಾಷ್ಟ್ರೀಯ ಲೆಕ್ಕಮಾನದಂಡ 7 ಈ ರೂಪಕ್ಕೆ ಬಂದದ್ದು 1992ರಲ್ಲಿ. ಅವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಇತ್ತು, ಆದರೂ ಸ್ಯಾಂಪಲ್ ದೊಡ್ಡದಾಗಲಿ ಅಂತ ಬಿಟ್ಟೆವು.

ಏನೇನು ಮಾಡಿ ನೋಡಿದೆವು

ಗೈಡ್ ಮೊದಲು ಹೇಳಿದ್ದು, ಕಂಪನಿ ಕೊಂಡ ವರ್ಷಗಳನ್ನು ಸ್ಯಾಂಪಲ್‌ನಿಂದ ತೆಗೆದುಬಿಡೋಣ ಅಂತ. ಒಂದು ದಿನದ ಕೆಲಸ. ವಿದ್ಯಾರ್ಥಿನಿ ಒಪ್ಪಲಿಲ್ಲ. ಖರೀದಿಯ ಪೂರ್ತಿ ಪಟ್ಟಿ ಡೇಟಾಬೇಸಿನಲ್ಲಿರಲಿಲ್ಲ, ಸಣ್ಣ ಖರೀದಿಗಳು ತಪ್ಪಿಸಿಕೊಳ್ಳುತ್ತಿದ್ದವು. ಮೇಲಾಗಿ ಹಾಗೆ ತೆಗೆದರೆ ದೊಡ್ಡ ಕಂಪನಿಗಳೇ ಹೋಗುತ್ತವೆ, ಸ್ವತಂತ್ರ ಕಮಿಟಿ ಇರುವುದು ಅಲ್ಲೇ. ಕಂಪನಿಯ ಗಾತ್ರವನ್ನು ಕಂಟ್ರೋಲ್ ಆಗಿ ಹಾಕಿ, ಅದರ ಪ್ರಭಾವವನ್ನು ಬೇರೆ ಮಾಡಿದ್ದೆವಲ್ಲ ಅಂತ ನಾನು ಕೇಳಿದೆ. ಅದೂ ಸಾಲುತ್ತಿರಲಿಲ್ಲ. ಒಂದೇ ಗಾತ್ರದ ಎರಡು ಕಂಪನಿಗಳಲ್ಲಿ ಒಂದು ಕೊಂಡು ಬೆಳೆದದ್ದು, ಇನ್ನೊಂದು ತಾನಾಗಿ ಬೆಳೆದದ್ದು ಆಗಿರಬಹುದು.

ಕೊನೆಗೆ ಹಿಡಿದದ್ದು ಎರಡನೇ ದಾರಿಯನ್ನೇ. ಲಾಭದಿಂದ ದೈನಂದಿನ ವ್ಯವಹಾರದ ನಗದನ್ನು ಕಳೆಯುವುದು. ಕಂಪನಿ ಕೊಳ್ಳಲು ಕೊಟ್ಟ ದುಡ್ಡು ಕ್ಯಾಶ್ ಫ್ಲೋನಲ್ಲಿ ಹೂಡಿಕೆಯ ಭಾಗಕ್ಕೆ ಹೋಗುತ್ತದೆ, ಆದ್ದರಿಂದ ಈ ಲೆಕ್ಕ ಕೆಡುವುದಿಲ್ಲ. ಡೇಟಾಬೇಸಿನಲ್ಲಿ ಖಾಲಿ ಇದ್ದ ಕಡೆ ವಾರ್ಷಿಕ ವರದಿ ತೆರೆದು ಕೈಯಾರೆ ತುಂಬಿದರು. ನಾಲ್ಕು ತಿಂಗಳು. ವರದಿಯೇ ಸಿಗದ ಕೆಲವು ಹಳೆಯ ವರ್ಷಗಳನ್ನು ಬಿಟ್ಟರು. ಸ್ಯಾಂಪಲ್ ಚಿಕ್ಕದಾಯಿತು.

ಮತ್ತೆ ರಿಗ್ರೆಶನ್ ಓಡಿಸಿದರು. ಪ್ಲಸ್ ಹೋಯಿತು. ಮೈನಸ್ಸೂ ಬರಲಿಲ್ಲ. ಸೊನ್ನೆಯ ಆಚೆ ಈಚೆ.

ಎರಡನೇ ತಿರುವು

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಾರ ಇದು ಅಂತ ನನ್ನ ಅನಿಸಿಕೆ. ಬರೆದು ಮುಗಿಸಿದ್ದ ಅಧ್ಯಾಯ ಕೈತಪ್ಪಿ ಹೋಗಿತ್ತು. ಫೆಲೋಶಿಪ್ ಮುಗಿಯಲು ಒಂದು ವರ್ಷವೂ ಇರಲಿಲ್ಲ. ಗೈಡ್ ಕೆಟ್ಟವರಲ್ಲ, ವಿದ್ಯಾರ್ಥಿನಿಯ ಹಿತ ಬಯಸಿದವರೇ. ಅವರು ಹೇಳಿದರು: "ಬೇರೆ ಮಾಡೆಲ್ ಇವೆಯಲ್ಲಮ್ಮಾ. ಕೊಠಾರಿಯವರ 2005ರದ್ದು ಹಾಕಿ ನೋಡಿ. ಡೆಚೋ-ಡಿಚೆವ್ 2002ರದ್ದು ಇದೆ. ರಾಯ್‌ಚೌಧುರಿಯವರ 2006ರ ದಾರಿ ಇದೆ, ಖರ್ಚು ಕಡಿತ, ಮಿತಿಮೀರಿದ ಉತ್ಪಾದನೆ ಇಂಥದ್ದನ್ನು ಹಿಡಿಯುತ್ತೆ. ಯಾವುದಾದರೂ ಒಂದರಲ್ಲಿ ಬಂದೇ ಬರುತ್ತೆ."

ಬಂದೇ ಬರುತ್ತಿತ್ತು. ಅದೇ ತೊಂದರೆ. ಒಂದೊಂದು ಮಾಡೆಲ್ಲಿಗೂ ಎರಡು ಮೂರು ರೂಪ, ಸ್ವತಂತ್ರತೆ ಅಳೆಯಲು ಮೂರು ಬಗೆ, ಕಂಟ್ರೋಲ್‌ಗಳನ್ನು ಹಾಕುವುದು ಬಿಡುವುದು ಇನ್ನಷ್ಟು. ಎಲ್ಲ ಸೇರಿಸಿದರೆ ನೂರು ದಾಟುತ್ತದೆ. ನೂರು ಸಲ ಓಡಿಸಿದರೆ, ಏನೂ ಇಲ್ಲದಿದ್ದರೂ, ಶೇಕಡಾ 5ರ ಮಟ್ಟದಲ್ಲಿ ನಾಲ್ಕೈದು ಕಡೆ ಸ್ಟಾರ್ ಬೀಳುವುದು ಸಹಜ. ಆ ನಾಲ್ಕೈದನ್ನು ಬರೆದು ಉಳಿದದ್ದನ್ನು ಮುಚ್ಚಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ವಿದ್ಯಾರ್ಥಿನಿ ಎರಡು ದಿನ ವಿಭಾಗಕ್ಕೆ ಬರಲಿಲ್ಲ. ಮೂರನೇ ದಿನ ಒಂದು ಹಾಳೆ ತಂದು ಇಬ್ಬರ ಮುಂದೆಯೂ ಇಟ್ಟರು. ಮುಖ್ಯ ಅಳತೆ ಯಾವುದು, ಪೂರಕವಾಗಿ ಯಾವ ಎರಡು, ಸ್ವತಂತ್ರತೆಯನ್ನು ಹೇಗೆ ಅಳೆಯುತ್ತೇನೆ, ಯಾವ ಕಂಟ್ರೋಲ್‌ಗಳು, ಏನು ಬಂದರೆ ಏನೆಂದು ಬರೆಯುತ್ತೇನೆ, ಎಲ್ಲ ಅದರಲ್ಲಿತ್ತು. ಕೆಳಗೆ ತಾರೀಕು. "ಇನ್ನೂ ಒಂದೂ ಓಡಿಸಿಲ್ಲ ಸರ್. ನೀವಿಬ್ಬರೂ ಇದಕ್ಕೆ ಸಹಿ ಹಾಕಿ. ಆಮೇಲೆ ಓಡಿಸ್ತೀನಿ. ಏನು ಬಂದರೂ ಅದೇ ಥೀಸಿಸ್" ಅಂದರು.

ಗೈಡ್ ಬಹಳ ಹೊತ್ತು ಆ ಹಾಳೆ ಹಿಡಿದುಕೊಂಡು ಕೂತಿದ್ದರು. ಆಮೇಲೆ ಸಹಿ ಹಾಕಿದರು. ಈ ಪದ್ಧತಿ ಲೆಕ್ಕಶಾಸ್ತ್ರಕ್ಕೆ ತೀರಾ ಅಪರಿಚಿತವೇನಲ್ಲ. ಜರ್ನಲ್ ಆಫ್ ಅಕೌಂಟಿಂಗ್ ರಿಸರ್ಚ್ ತನ್ನ 2017ರ ಸಮ್ಮೇಳನವನ್ನು ಹೀಗೆ ಮೊದಲೇ ಯೋಜನೆ ಒಪ್ಪಿಸಿ, ಆಮೇಲೆ ಫಲಿತಾಂಶ ತರುವ ಲೇಖನಗಳಿಗೇ ಮೀಸಲಿಟ್ಟಿತ್ತು. ಆದರೆ ಒಬ್ಬ ವಿದ್ಯಾರ್ಥಿನಿ ತನ್ನ ಗೈಡ್ ಮುಂದೆ ಇದನ್ನಿಡುವುದಕ್ಕೆ ಎಷ್ಟು ಧೈರ್ಯ ಬೇಕು ಅನ್ನುವುದು ಆ ಕೋಣೆಯಲ್ಲಿದ್ದ ನನಗೆ ಗೊತ್ತು.

ಏನಾಯಿತು

ಮೂರೂ ಅಳತೆಗಳಲ್ಲಿ ಗಟ್ಟಿಯಾದ ನಂಟು ಕಾಣಲಿಲ್ಲ. ಹಾಗಂತ "ಸ್ವತಂತ್ರ ಕಮಿಟಿಯಿಂದ ಪ್ರಯೋಜನವಿಲ್ಲ" ಅಂತ ಬರೆಯಬಹುದಿತ್ತೇ? ಇಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಮಿಟಿಗಳ ಡೇಟಾವನ್ನೇ ಬಿಡಿಸಿ ನೋಡಿದರು.

ಹೆಚ್ಚಿನ ಕಮಿಟಿಗಳಲ್ಲಿ ಇದ್ದದ್ದು ಮೂರೇ ಜನ. ಮೂರು ಜನರ ಕಮಿಟಿಯಲ್ಲಿ ಸ್ವತಂತ್ರರ ಪಾಲು ಸೊನ್ನೆ, ಮೂರನೇ ಒಂದು, ಮೂರನೇ ಎರಡು, ಪೂರ್ತಿ, ಈ ನಾಲ್ಕರಲ್ಲಿ ಒಂದಾಗಿರಬೇಕು. ನಡುವೆ ಏನೂ ಇಲ್ಲ. ನಿಯಮ ಇರುವುದರಿಂದ ಕೆಳಗಿನ ಎರಡು ಕಾಣುವುದೇ ಇಲ್ಲ. ಉಳಿದ ಎರಡರಲ್ಲಿ ಒಂದು ಕಡೆ ಕೂತ ಕಂಪನಿ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಪ್ರತಿ ಕಂಪನಿಯನ್ನೂ ಅದರ ಜೊತೆಗೇ ಹೋಲಿಸುವ ಫಿಕ್ಸೆಡ್ ಎಫೆಕ್ಟ್ಸ್ ಹಾಕಿದರೆ, ಉತ್ತರವನ್ನು ಕೊಡುತ್ತಿದ್ದದ್ದು ಬದಲಾವಣೆ ಕಂಡ ಬೆರಳೆಣಿಕೆಯ ಕಂಪನಿಗಳು ಮಾತ್ರ.

ಅವು ಬದಲಾದದ್ದಾದರೂ ಯಾಕೆ? ಕೆಲವು ಕಡೆ ಯಾರೋ ನಿವೃತ್ತರಾದರು. ಕೆಲವು ಕಡೆ ಲೆಕ್ಕದಲ್ಲಿ ಗೋಲ್‌ಮಾಲ್ ಹೊರಬಿದ್ದ ಮೇಲೆ, ಹೆಸರು ಉಳಿಸಿಕೊಳ್ಳಲು ಹೊಸ ಸ್ವತಂತ್ರರನ್ನು ತಂದಿದ್ದರು. ಅಂಥ ಕಡೆ ಕಾರಣ ಯಾವುದು, ಪರಿಣಾಮ ಯಾವುದು? ನಿರ್ದೇಶಕರು ಆಕಾಶದಿಂದ ಬೀಳುವುದಿಲ್ಲ, ಕಂಪನಿಯ ಸ್ಥಿತಿಗತಿಯೇ ಅವರನ್ನು ಆರಿಸುತ್ತದೆ ಅನ್ನುವುದನ್ನು ಹರ್ಮಲಿನ್ ಮತ್ತು ವೈಸ್‌ಬಾಕ್ 1998ರಲ್ಲಿ ಹೇಳಿದ್ದರು. ಅದು ಈ ಬೆರಳೆಣಿಕೆಯ ಕಂಪನಿಗಳಲ್ಲಿ ಕಣ್ಣಿಗೆ ಕಟ್ಟುವ ಹಾಗೆ ಕಂಡಿತು.

ಹಾಗಾಗಿ ಅಧ್ಯಾಯದಲ್ಲಿ ಅವರು ಬರೆದದ್ದು: ಈ ಡೇಟಾದಿಂದ ದೊಡ್ಡ ಪರಿಣಾಮ ಇಲ್ಲ ಅಂತ ಹೇಳಬಹುದು, ಸಣ್ಣ ಪರಿಣಾಮ ಇದೆಯೋ ಇಲ್ಲವೋ ಹೇಳಲು ಆಗುವುದಿಲ್ಲ. "ಪರಿಣಾಮ ಇಲ್ಲ" ಮತ್ತು "ನಮಗೆ ಕಾಣಲಿಲ್ಲ" ಇವೆರಡರ ನಡುವಿನ ವ್ಯತ್ಯಾಸಕ್ಕೆ ಅವರು ಎರಡು ಪುಟ ಕೊಟ್ಟರು. ಥೀಸಿಸ್ಸಿನಲ್ಲಿ ನನಗೆ ಅತಿ ಇಷ್ಟವಾದ ಎರಡು ಪುಟ ಅವು.

ಹಳೆಯ ಪ್ಲಸ್ ಉತ್ತರವನ್ನೂ ಅವರು ಬಿಸಾಡಲಿಲ್ಲ. ಅದು ಹೇಗೆ ಬಂತು, ಹೇಗೆ ಕರಗಿತು ಅನ್ನುವುದನ್ನು ಪಕ್ಕಪಕ್ಕ ಎರಡು ಕಾಲಂಗಳಲ್ಲಿ ಇಟ್ಟರು. ಒಂದರಲ್ಲಿ ಬ್ಯಾಲೆನ್ಸ್ ಶೀಟ್ ದಾರಿ, ಇನ್ನೊಂದರಲ್ಲಿ ಕ್ಯಾಶ್ ಫ್ಲೋ ದಾರಿ, ಉಳಿದದ್ದೆಲ್ಲ ಒಂದೇ. ವೈವಾದಲ್ಲಿ ಹೊರಗಿನ ಪರೀಕ್ಷಕರು ಜಾಸ್ತಿ ಹೊತ್ತು ನಿಂತದ್ದು ಆ ಪಟ್ಟಿಯ ಮೇಲೆಯೇ. ಅವರು ಇನ್ನೊಂದು ಕೊರತೆಯನ್ನೂ ತೋರಿಸಿದರು. ಮೊದಲು ಒಂದು ರಿಗ್ರೆಶನ್ ಮಾಡಿ, ಅದರಲ್ಲಿ ಉಳಿದದ್ದನ್ನು ಎರಡನೇ ರಿಗ್ರೆಶನ್ನಿಗೆ ಹಾಕುವ ಪದ್ಧತಿಯೇ ಗುಣಾಂಕವನ್ನು ವಾಲಿಸಬಹುದು ಅಂತ ಚೆನ್, ಹ್ರಿಬಾರ್ ಮತ್ತು ಮೆಲೆಸ್ಸಾ 2018ರಲ್ಲಿ ತೋರಿಸಿದ್ದಾರೆ. ಎರಡನ್ನೂ ಒಂದೇ ಹೆಜ್ಜೆಯಲ್ಲಿ ಮಾಡಿ ತೋರಿಸಿ ಅಂದರು. ಮಾಡಿದರು. ಉತ್ತರ ಬದಲಾಗಲಿಲ್ಲ, ಡಿಗ್ರಿ ಬಂತು.

ಜರ್ನಲ್ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಮೊದಲನೆಯದು, ಹೊಸ ಫಲಿತಾಂಶವಿಲ್ಲ ಅಂತ ವಾಪಸ್ ಕಳಿಸಿತು. ಪ್ಲಸ್ ಉತ್ತರದ ಅಧ್ಯಾಯ ಕಳಿಸಿದ್ದರೆ ಬಹುಶಃ ತೆಗೆದುಕೊಳ್ಳುತ್ತಿದ್ದರು ಅಂತ ವಿದ್ಯಾರ್ಥಿನಿಗೂ ನನಗೂ ಗೊತ್ತು. ಎರಡನೇ ಜರ್ನಲ್, ಲೇಖನವನ್ನು ಅರ್ಧಕ್ಕಿಳಿಸಿ, ಅಳತೆಯ ವಿಷಯವನ್ನೇ ಮುಂದಿಟ್ಟು ಬರೆದುಕೊಡಿ ಅಂದಿತು. ಅದು ಪ್ರಕಟವಾಯಿತು.

ವಿಭಾಗದಲ್ಲಿ ಬದಲಾದದ್ದು

ಈಗ ನಮ್ಮಲ್ಲಿ ಯಾರೇ ಅಕ್ರೂಯಲ್ ಮೇಲೆ ಕೆಲಸ ಮಾಡಲಿ, ಡೇಟಾ ಫೈಲಿನಲ್ಲಿ ಒಂದು ಕಾಲಂ ಜಾಸ್ತಿ ಇರುತ್ತದೆ: "ವರದಿ ತೆರೆದು ನೋಡಿದ್ದೇನೆ". ಮೇಲಿನ ಇಪ್ಪತ್ತು, ಕೆಳಗಿನ ಇಪ್ಪತ್ತು ಸಾಲುಗಳ ಎದುರು ಅಲ್ಲಿ ಹೌದು ಅಂತ ಇಲ್ಲದಿದ್ದರೆ ನಾನು ಕರಡು ಓದುವುದಿಲ್ಲ. ಗೈಡ್ ಇನ್ನೂ ಒಂದು ಸೇರಿಸಿದ್ದಾರೆ. ಅದೇ ವಿದ್ಯಾರ್ಥಿನಿಯ ಹಾಳೆಯನ್ನು ನಮೂನೆಯಾಗಿ ಇಟ್ಟುಕೊಂಡು, ತಾರೀಕು ಹಾಕಿಸಿ, ಎಲ್ಲ ವಿದ್ಯಾರ್ಥಿಗಳಿಂದಲೂ ಬರೆಸಿಕೊಳ್ಳುತ್ತಾರೆ. ಇದಕ್ಕೆ ಸಮಯ ಹಿಡಿಯುತ್ತದೆ. ಒಬ್ಬ ವಿದ್ಯಾರ್ಥಿ ಬೇಸರಪಟ್ಟು ವಿಷಯವನ್ನೇ ಬದಲಿಸಿದ್ದೂ ಉಂಟು. ಆದರೂ ಇದನ್ನು ಬಿಡುವ ಮನಸ್ಸು ನಮಗಿಲ್ಲ.

ಆ ಮೂರು "ಗೊತ್ತಾಗಲಿಲ್ಲ" ಕಂಪನಿಗಳ ವಿಷಯ ಉಳಿಯಿತು. ಡಿಗ್ರಿ ಬಂದು ಎರಡನೇ ವರ್ಷ, ಅವುಗಳಲ್ಲಿ ಒಂದು ತನ್ನ ಹಳೆಯ ಲೆಕ್ಕಗಳನ್ನು ತಿದ್ದಿ ಮತ್ತೆ ಪ್ರಕಟಿಸಿತು. ಸರಕು ಗಿರಾಕಿಗೆ ತಲುಪುವ ಮೊದಲೇ ಮಾರಾಟ ಅಂತ ಬರೆದುಕೊಂಡಿದ್ದರಂತೆ. ವಿದ್ಯಾರ್ಥಿನಿ ಈಗ ಬೇರೆ ಕಡೆ ಪಾಠ ಮಾಡುತ್ತಾರೆ. ಅವರೇ ಸುದ್ದಿ ಕಳಿಸಿದರು. ಒಂದು ಕಂಪನಿಯಿಂದ ಏನೂ ಸಾಬೀತಾಗುವುದಿಲ್ಲ ಸರ್, ಲೇಖನದಲ್ಲಿ ಏನನ್ನೂ ಬದಲಿಸುವುದಿಲ್ಲ ಅಂತಲೂ ಬರೆದಿದ್ದರು. ಜೊತೆಗೊಂದು ಫೋಟೋ ಇತ್ತು. ಅದೇ ಹಳೆಯ ಪ್ರಿಂಟ್. ಪೆನ್ಸಿಲ್ಲಿನ "ಗೊತ್ತಾಗಲಿಲ್ಲ" ಪಕ್ಕದಲ್ಲಿ, ಪೆನ್ನಿನಲ್ಲಿ, ಆ ದಿನದ ತಾರೀಕು ಬರೆದಿದ್ದರು. ಉಳಿದ ಎರಡರ ಎದುರು ಇನ್ನೂ ಪೆನ್ಸಿಲ್ಲೇ ಇತ್ತು.